ಹಡಗಿನಲ್ಲಿ ಇದ್ದಾಗಲೇ ಮುಂದಿನ ಕ್ರೂಸ್ ಬುಕ್ ಮಾಡ್ಬೇಕಾ? ಒಂದು ಸಣ್ಣ ಲೆಕ್ಕ

ಎರಡು ವರ್ಷದ ಹಿಂದೆ, ನನ್ನ ಸಿಇಟಿ ಮುಗಿದ ಮೇಲೆ, ಮನೆಯವರೆಲ್ಲ ಸಿಂಗಾಪುರದಿಂದ ನಾಲ್ಕು ರಾತ್ರಿಯ ಕ್ರೂಸ್‌ಗೆ ಹೋಗಿದ್ವಿ. ಅಪ್ಪ, ಅಮ್ಮ, ಅಜ್ಜಿ, ತಂಗಿ, ನಾನು. ಪೆನಾಂಗ್, ಫುಕೆಟ್ ನೋಡಿಕೊಂಡು ವಾಪಸ್ ಬರೋ ಟ್ರಿಪ್. ಅಪ್ಪ ಮೂರು ವರ್ಷ ಆರ್‌ಡಿ ಕಟ್ಟಿ ಕೂಡಿಸಿದ್ದ ದುಡ್ಡು ಅದು.

ಕೊನೆಯ ಸಂಜೆ ಅಜ್ಜಿ ಡೆಕ್ ಮೇಲೆ ಕೂತು ಸಮುದ್ರ ನೋಡ್ತಾ, "ಇನ್ನೊಂದು ಸಲ ಕರ್ಕೊಂಡು ಬರ್ತೀಯೇನೋ?" ಅಂತ ಅಪ್ಪನನ್ನ ಕೇಳಿದ್ರು. ಅಪ್ಪ ಸೀದಾ ಹಡಗಿನ ಬುಕಿಂಗ್ ಡೆಸ್ಕ್‌ಗೆ ಹೋದ್ರು. ಮುಂದಿನ ವರ್ಷದ ಮೇ ತಿಂಗಳಿಗೆ ಬುಕ್ ಮಾಡಿ, ತಲೆಗೆ 100 ಡಾಲರ್‌ನಂತೆ 500 ಡಾಲರ್ ಡೆಪಾಸಿಟ್ ಕಟ್ಟಿ ಬಂದ್ರು. ಈಗಲೇ ಬುಕ್ ಮಾಡಿದ್ರೆ 150 ಡಾಲರ್ ಆನ್‌ಬೋರ್ಡ್ ಕ್ರೆಡಿಟ್ ಅಂತ ಆಫರ್ ಇತ್ತು. ಡೆಪಾಸಿಟ್ ವಾಪಸ್ ಬರಲ್ಲ ಅಂತ ಫಾರ್ಮ್‌ನಲ್ಲಿ ಬರೆದೂ ಇತ್ತು. ಓದಿದ್ವಿ, ಆದ್ರೂ ಸೈನ್ ಮಾಡಿದ್ವಿ.

ಮುಂದಿನ ಮೇ ಬಂತು. ನನ್ನ ಸೆಕೆಂಡ್ ಸೆಮ್ ಇಂಟರ್ನಲ್ಸ್ ಅದೇ ವಾರಕ್ಕೆ ಬಿತ್ತು. ತಂಗಿಗೆ ಹತ್ತನೇ ಕ್ಲಾಸಿನ ಸ್ಪೆಷಲ್ ಕ್ಲಾಸ್ ಶುರುವಾಯ್ತು. ಅಜ್ಜಿಗೆ ಮಂಡಿನೋವು ಜಾಸ್ತಿಯಾಗಿ ಡಾಕ್ಟರ್ ಓಡಾಟ ಬೇಡ ಅಂದ್ರು. ಪೂರ್ತಿ ಹಣ ಕಟ್ಟೋ ಕೊನೇ ದಿನಕ್ಕೆ ಮುಂಚೆ, ಇದೆಲ್ಲ ಗೊತ್ತಾಗಿದ್ದರಿಂದ ಕ್ಯಾನ್ಸಲ್ ಮಾಡಿದ್ವಿ. ಹೋಗಿದ್ದು ಡೆಪಾಸಿಟ್ ಮಾತ್ರ. ಆದ್ರೆ 500 ಡಾಲರ್ ಅಂದ್ರೆ ನಮ್ಮ ಮನೆಗೆ ಸಣ್ಣ ಮೊತ್ತ ಅಲ್ಲ.

ಮೂರನೇ ಸೆಮ್‌ನಲ್ಲಿ ಪ್ರಾಬಬಿಲಿಟಿ ಓದುವಾಗ ಈ ವಿಷಯ ಮತ್ತೆ ತಲೆಗೆ ಬಂತು. ಅವತ್ತು ಆ ಡೆಸ್ಕ್ ಮುಂದೆ ನಾವು ಯಾವ ಲೆಕ್ಕ ಮಾಡ್ಬೇಕಿತ್ತು?

ಕಂಪನಿಗೆ ಏನು ಲಾಭ?

ದೊಡ್ಡ ಕ್ರೂಸ್ ಕಂಪನಿಗಳಲ್ಲೆಲ್ಲ ಇಂಥ ಸ್ಕೀಮ್ ಇದೆ. ರಾಯಲ್ ಕೆರಿಬಿಯನ್‌ನಲ್ಲಿ 'ನೆಕ್ಸ್ಟ್‌ಕ್ರೂಸ್', ನಾರ್ವೇಜಿಯನ್‌ನಲ್ಲಿ 'ಕ್ರೂಸ್‌ನೆಕ್ಸ್ಟ್', ಪ್ರಿನ್ಸೆಸ್‌ನಲ್ಲಿ 'ಫ್ಯೂಚರ್ ಕ್ರೂಸ್ ಡೆಪಾಸಿಟ್'. ಹೆಸರು, ನಿಯಮ ಬೇರೆ ಬೇರೆ. ಆದ್ರೆ ಹಿಂದಿರೋ ಐಡಿಯಾ ಒಂದೇ.

ಹಡಗಿನ ಕ್ಯಾಬಿನ್ ಅನ್ನೋದು ಮಾರ್ಕೆಟ್‌ನಲ್ಲಿರೋ ಮಲ್ಲಿಗೆ ಹೂವಿನ ಥರ. ಇವತ್ತು ಮಾರಾಟ ಆಗ್ಲಿಲ್ಲ ಅಂದ್ರೆ ನಾಳೆ ಅದಕ್ಕೆ ಬೆಲೆ ಇಲ್ಲ. ಹಡಗು ದಡ ಬಿಟ್ಟ ಮೇಲೆ ಖಾಲಿ ಕ್ಯಾಬಿನ್‌ನಿಂದ ಬರೋ ಆದಾಯ ಸೊನ್ನೆ. ಹಾಗಂತ ಎಲ್ಲ ಕ್ಯಾಬಿನ್‌ಗಳನ್ನೂ ಮೊದಲೇ ಕಡಿಮೆ ರೇಟಿಗೆ ಮಾರಿದ್ರೆ, ಆಮೇಲೆ ಜಾಸ್ತಿ ಕೊಡೋಕೆ ರೆಡಿ ಇರೋರಿಗೆ ಕ್ಯಾಬಿನ್ ಇರಲ್ಲ. 1972ರಲ್ಲಿ ಬ್ರಿಟನ್ನಿನ ಬಿಒಎಸಿ ವಿಮಾನ ಕಂಪನಿಯ ಕೆನ್ ಲಿಟಲ್‌ವುಡ್ ಇದಕ್ಕೊಂದು ಸರಳ ನಿಯಮ ಕೊಟ್ರು. ಫುಲ್ ರೇಟಿನ ಗಿರಾಕಿ ಮುಂದೆ ಬರೋ ಸಂಭವನೀಯತೆಯನ್ನ ಆ ಫುಲ್ ರೇಟಿಂದ ಗುಣಿಸಿ. ಈಗ ಕೈಗೆ ಸಿಗ್ತಿರೋ ಕಡಿಮೆ ರೇಟು ಅದಕ್ಕಿಂತ ಜಾಸ್ತಿ ಇದ್ರೆ ಈಗಲೇ ಮಾರಿ, ಇಲ್ಲಾಂದ್ರೆ ಕಾಯಿರಿ. ಇವತ್ತು ವಿಮಾನ, ಹೋಟೆಲ್, ಕ್ರೂಸ್ ಎಲ್ಲ ಕಡೆ ಬೆಲೆ ನಿರ್ಧಾರ ಮಾಡೋ ಸಾಫ್ಟ್‌ವೇರ್‌ಗಳ ಹಿಂದೆ ಇದೇ ಯೋಚನೆ ಬೆಳೆದು ನಿಂತಿದೆ.

ಅಂದ್ರೆ ಕಂಪನಿ 'ಪಿ' ಲೆಕ್ಕ ಹಾಕಿ ಕೂತಿದೆ. ನಾವು ಮಾತ್ರ ಐಸ್‌ಕ್ರೀಮ್ ತಿಂತಾ ಸೈನ್ ಮಾಡ್ತೀವಿ.

ನಮ್ಮ ಕಡೆಯ ಲೆಕ್ಕ

ನಾವು ನಿಜವಾಗ್ಲೂ ಹೋಗೋ ಸಂಭವನೀಯತೆ 'ಪಿ' ಅಂತಿಟ್ಕೊಳ್ಳಿ. ಹೋದ್ರೆ 150 ಡಾಲರ್ ಲಾಭ. ಹೋಗದಿದ್ರೆ 500 ಡಾಲರ್ ನಷ್ಟ. ಎರಡೂ ಸಮ ಆಗೋದು ಯಾವಾಗ?

150 × ಪಿ = 500 × (1 − ಪಿ)

ಬಿಡಿಸಿದ್ರೆ ಪಿ = 500/650, ಅಂದ್ರೆ ಸುಮಾರು 0.77. 77%ಗಿಂತ ಜಾಸ್ತಿ ಗ್ಯಾರಂಟಿ ಇದ್ರೆ ಮಾತ್ರ ಈ ಆಫರ್ ಲಾಭ.

77% ಏನ್ ಮಹಾ ಅಂತ ಅನ್ಸತ್ತೆ. ನನಗೂ ಹಾಗೇ ಅನ್ಸಿತ್ತು. ಆದ್ರೆ ನಮ್ಮ ಮನೇಲಿ ಐದೂ ಜನ ಹೋಗೋಕೆ ಆದ್ರೆ ಮಾತ್ರ ಟ್ರಿಪ್. ಒಬ್ಬರಿಗೆ ಆಗ್ಲಿಲ್ಲ ಅಂದ್ರೂ ಕ್ಯಾನ್ಸಲ್. ಒಬ್ಬೊಬ್ಬರೂ ಫ್ರೀ ಇರೋ ಸಂಭವನೀಯತೆ 95% ಅಂತ ತಗೊಂಡು, ಅವು ಒಂದಕ್ಕೊಂದು ಸಂಬಂಧ ಇಲ್ಲ ಅಂತ ಭಾವಿಸಿ ಐದು ಸಲ ಗುಣಿಸಿದ್ರೆ 0.774. ಅಂದ್ರೆ ಎಲ್ಲರದ್ದೂ 95% ಪಕ್ಕಾ ಇದ್ರೂ ನಾವು ಗೆರೆ ಮೇಲೇ ನಿಂತಿದ್ವಿ. ಅದೇ 90% ಅಂತ ತಗೊಂಡ್ರೆ 0.59ಕ್ಕೆ ಬೀಳತ್ತೆ. ಆಗ ಸರಾಸರಿ 116 ಡಾಲರ್ ನಷ್ಟದ ವ್ಯವಹಾರ. ಒಂದು ವರ್ಷ ಮುಂಚೆ, ಒಬ್ಬ ಇಂಜಿನಿಯರಿಂಗ್ ಸ್ಟೂಡೆಂಟ್, ಒಬ್ಬಳು ಹತ್ತನೇ ಕ್ಲಾಸಿನ ಹುಡುಗಿ, ವಯಸ್ಸಾದ ಅಜ್ಜಿ ಇರೋ ಮನೇಲಿ ತಲಾ 90% ಅನ್ನೋದೂ ಜಾಸ್ತಿಯೇ.

ಇನ್ನೊಂದು ವಿಷಯ. ಆ 150 ಡಾಲರ್ ನಗದು ಅಲ್ಲ. ಮುಂದಿನ ಟ್ರಿಪ್‌ನಲ್ಲಿ ಹಡಗಿನೊಳಗೆ ಖರ್ಚು ಮಾಡೋಕೆ ಕೊಡೋ ಕ್ರೆಡಿಟ್. ಹೇಗಿದ್ರೂ ಮಾಡ್ತಿದ್ದ ಖರ್ಚಿಗೆ ಬಳಸಿದ್ರೆ ಪೂರ್ತಿ ಬೆಲೆ ಬಂತು. ಬೇಡದ ಫೋಟೋ, ಟೀ ಶರ್ಟ್ ತಗೊಂಡ್ರೆ ಅದರ ನಿಜವಾದ ಬೆಲೆ ಕಡಿಮೆ, ಗೆರೆ ಇನ್ನೂ ಮೇಲೆ ಹೋಗತ್ತೆ.

ಹಾಗಾದ್ರೆ ಯಾವಾಗ ಬುಕ್ ಮಾಡ್ಬಹುದು?

ಡೆಪಾಸಿಟ್ ವಾಪಸ್ ಬರತ್ತೆ ಅಂದ್ರೆ ಲೆಕ್ಕವೇ ಬೇರೆ. ಆಗ ಹೋಗದಿದ್ರೂ ಹೆಚ್ಚುಕಡಿಮೆ ನಷ್ಟ ಇಲ್ಲ, ಹೋದ್ರೆ ಕ್ರೆಡಿಟ್ ಸಿಗತ್ತೆ. ಧಾರಾಳವಾಗಿ ಬುಕ್ ಮಾಡಿ. 'ಹೆಚ್ಚುಕಡಿಮೆ' ಅಂದಿದ್ದು ಯಾಕಂದ್ರೆ ನಾವು ಕಟ್ಟೋದು ಡಾಲರ್‌ನಲ್ಲಿ. ನಮ್ಮ ಬಹಳಷ್ಟು ಕ್ರೆಡಿಟ್ ಕಾರ್ಡ್‌ಗಳು ವಿದೇಶಿ ಕರೆನ್ಸಿಗೆ 2ರಿಂದ 3.5% ಮಾರ್ಕಪ್, ಅದರ ಮೇಲೆ ಜಿಎಸ್‌ಟಿ ಹಾಕ್ತವೆ. ರೀಫಂಡ್ ಬಂದಾಗ ಅದು ಸಾಮಾನ್ಯವಾಗಿ ವಾಪಸ್ ಬರಲ್ಲ. ರೂಪಾಯಿ ರೇಟೂ ಅಷ್ಟೊತ್ತಿಗೆ ಬದಲಾಗಿರತ್ತೆ.

ಪ್ರತಿವರ್ಷ ಹೇಗಿದ್ರೂ ಕ್ರೂಸ್‌ಗೆ ಹೋಗೋ ರಿಟೈರ್ಡ್ ದಂಪತಿಗೆ ಪಿ ತುಂಬ ಜಾಸ್ತಿ ಇರತ್ತೆ. ಅವರಿಗೆ ಇದು ಒಳ್ಳೇ ಡೀಲ್. ಮೂರು ನಾಲ್ಕು ಜನ ಒಟ್ಟಿಗೆ ಇರೋ ಕ್ಯಾಬಿನ್ ಬೇಕು ಅನ್ನೋರಿಗೂ ಬೇಗ ಬುಕ್ ಮಾಡೋದು ಉಪಯೋಗ. ಯಾಕಂದ್ರೆ ಅಂಥ ಕ್ಯಾಬಿನ್‌ಗಳು ಕಡಿಮೆ, ಬೇಗ ಖಾಲಿಯಾಗ್ತವೆ.

ಡೆಸ್ಕ್‌ನಲ್ಲಿ ಇಷ್ಟು ಕೇಳಿ, ಉತ್ತರ ಬರವಣಿಗೆಯಲ್ಲಿ ಇಸ್ಕೊಳ್ಳಿ. ಡೆಪಾಸಿಟ್ ವಾಪಸ್ ಬರತ್ತಾ, ಯಾವ ದಿನದವರೆಗೆ? ದಿನಾಂಕ ಬದಲಾಯಿಸೋಕೆ ಎಷ್ಟು ಶುಲ್ಕ? ಆಮೇಲೆ ರೇಟ್ ಇಳಿದ್ರೆ ನಮಗೂ ಇಳಿಸ್ತೀರಾ? ಈ ನಿಯಮ ಭಾರತದಿಂದ ಬರೋರಿಗೂ ಅನ್ವಯ ಆಗತ್ತಾ? ಟ್ರಾವೆಲ್ ಏಜೆಂಟ್ ಮೂಲಕ ಬಂದಿದ್ರೆ, ಹೊಸ ಬುಕಿಂಗ್ ಅವರ ಹೆಸರಿಗೇ ಹೋಗತ್ತಾ? ಕೊನೇ ದಿನ ಕ್ಯೂ ಉದ್ದ ಇರತ್ತೆ. ಎರಡನೇ ದಿನವೇ ಹೋಗಿ ಕೇಳಿಕೊಂಡು ಬಂದ್ರೆ ಯೋಚನೆ ಮಾಡೋಕೆ ಟೈಮೂ ಸಿಗತ್ತೆ.

ನಾವು ತಪ್ಪಿದ್ದೆಲ್ಲಿ?

ಲೆಕ್ಕ ಕಷ್ಟ ಏನಿಲ್ಲ, ಪಿಯುಸಿ ಲೆವೆಲ್‌ದು. ನಾವು ತಪ್ಪಿದ್ದು ಪಿ ಬೆಲೆ ಹಾಕೋದ್ರಲ್ಲಿ. ಹಡಗಿನ ಮೇಲೆ ನಿಂತಾಗ ಇಂಟರ್ನಲ್ಸ್ ಇಲ್ಲ, ಆಫೀಸ್ ಇಲ್ಲ, ಮಂಡಿನೋವು ಇಲ್ಲ. "ಮುಂದಿನ ವರ್ಷ ಬರ್ತೀರಾ?" ಅಂತ ಕೇಳಿದ್ರೆ ಅಲ್ಲಿ ಯಾರಾದ್ರೂ 100% ಅಂತಾರೆ. ಡೆಸ್ಕ್ ಹಡಗಿನಲ್ಲೇ ಇರೋದೂ ಅದಕ್ಕೇ. ಹಾಗಾಗಿ ಅಲ್ಲಿ ಸೈನ್ ಮಾಡೋದಾದ್ರೂ, ಪಿಯನ್ನ ಮನೆಯ ಕ್ಯಾಲೆಂಡರ್ ನೆನಪಿಸಿಕೊಂಡು ಹಾಕಿ. ಕಳೆದ ಮೂರು ವರ್ಷದಲ್ಲಿ ಮನೇಲಿ ಪ್ಲಾನ್ ಮಾಡಿದ ಟ್ರಿಪ್‌ಗಳಲ್ಲಿ ಎಷ್ಟು ನಡೆದವು ಅಂತ ಎಣಿಸಿದ್ರೂ ಸಾಕು. ನಮ್ಮ ಮನೇದು ಆರರಲ್ಲಿ ಮೂರು.

ಈ ಲೆಕ್ಕ ಅಪ್ಪನಿಗೆ ತೋರಿಸಿದೆ. ಪೂರ್ತಿ ಕೇಳಿಸಿಕೊಂಡು, "ಅಮ್ಮ ಕೇಳಿದಾಗ ಇಲ್ಲ ಅನ್ನೋಕೆ ಆಗ್ಲಿಲ್ಲ ಕಣೋ" ಅಂದ್ರು. ಅದಕ್ಕೆ ನನ್ನ ಹತ್ರ ಫಾರ್ಮುಲಾ ಇರಲಿಲ್ಲ. ಡೆಪಾಸಿಟ್ ಕಟ್ಟದೇನೂ ಅಜ್ಜಿಗೆ ಹೂಂ ಅನ್ನಬಹುದಿತ್ತು ಅಂತ ಮಾತ್ರ ಹೇಳಿದೆ.

ಅಜ್ಜಿಗೆ ಈಗ ಮಂಡಿ ಸ್ವಲ್ಪ ವಾಸಿ. ಈ ಸಲ ಮನೆಯಿಂದಲೇ ಬುಕ್ ಮಾಡ್ತೀವಿ, ನನ್ನ ಫೋರ್ತ್ ಸೆಮ್ ಟೈಮ್‌ಟೇಬಲ್ ಬಂದ ಮೇಲೆ.