ಐವಿ ಬಳ್ಳಿಯ ತುಂಡಿನಿಂದ ಹೊಸ ಗಿಡವನ್ನು ಬೆಳೆಸುವ ಕ್ರಮ

ನಮ್ಮ ಶಾಲೆಯ ವರಾಂಡದ ಕುಂಡಗಳಲ್ಲಿರುವ ಐವಿ ಬಳ್ಳಿಯನ್ನು ಮರೆತ ಹಳೆಯ ವಿದ್ಯಾರ್ಥಿನಿಯರು ಇರಲಾರರು. ಶಾಲೆಯನ್ನು ಬಿಟ್ಟುಹೋಗುವ ಬಾಲಕಿಯರಲ್ಲಿ ಅನೇಕರು ಅದರ ಒಂದು ತುಂಡನ್ನು ಬೇಡಿಕೊಂಡು ಹೋಗುವದುಂಟು. ಆದರೆ ಬಹುಮಟ್ಟಿಗೆ ಅದು ತಿಂಗಳೊಳಗೆ ಸತ್ತಿತೆಂಬ ವರ್ತಮಾನವೇ ನಮಗೆ ಬರುತ್ತದೆ. ಆದಕಾರಣ ಈ ಸಂಚಿಕೆಯಲ್ಲಿ ಅದರ ಕ್ರಮವನ್ನು ವಿವರಿಸುವದು ಯುಕ್ತವೆಂದು ತೋರಿತು.

ಐವಿಯು ಯೂರೋಪಿಗೂ ಪಶ್ಚಿಮ ಏಷ್ಯಕ್ಕೂ ಸೇರಿದ ನಿತ್ಯಹಸುರಿನ ಬಳ್ಳಿ. ಇಂಗ್ಲೆಂಡಿನಲ್ಲಿ ಹಳೆಯ ದೇವಾಲಯಗಳ ಗೋಡೆಗಳನ್ನು ಇದು ಮುಚ್ಚಿಬಿಡುವದು. ಸುಮಾರು 3000 ಅಡಿ ಎತ್ತರದಲ್ಲಿರುವ ನಮ್ಮ ಬೆಂಗಳೂರಿನಲ್ಲಿ ನೆರಳಿನ ಕುಂಡದಲ್ಲಿ ಬಾಳುತ್ತದೆ. ಏಪ್ರಿಲ್ ತಿಂಗಳ ಬಿಸಿಲು ಮಾತ್ರ ಇದಕ್ಕೆ ಸಹಿಸದು.

ಬಳ್ಳಿಯಿಂದ ಬೇರ್ಪಟ್ಟ ಕೊಂಬೆಯು ಒಣಗಿಹೋಗುವದೆಂದು ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಓದಿದ ಬಾಲಕಿಯೊಬ್ಬಳು, ಐವಿಯ ತುಂಡು ಏಕೆ ಒಣಗುವದಿಲ್ಲವೆಂದು ಒಮ್ಮೆ ನಮ್ಮನ್ನು ಕೇಳಿದಳು. ಸುಮ್ಮನೆ ಎಸೆದರೆ ಅದೂ ಒಣಗುವದು. ಆದರೆ ಎಳೆಯ ಐವಿಯ ಗೆಣ್ಣುಗಳಲ್ಲಿ ಬೇರಿನ ಮೊಳಕೆಗಳು ಮೊದಲೇ ಸಿದ್ಧವಾಗಿರುತ್ತವೆ. ಗೋಡೆಯನ್ನು ಅದು ಹಿಡಿಯುವದು ಇಂಥವುಗಳಿಂದಲೇ. ಅವು ಮಣ್ಣಿಗೆ ಇಳಿಯುವ ತನಕ ತುಂಡು ತಾಯಿಗಿಡದಿಂದ ತಂದ ಬುತ್ತಿಯಿಂದ ಜೀವಿಸಬೇಕು. ನೀರನ್ನು ಹೀರುವ ಬೇರು ಇನ್ನೂ ಇಲ್ಲ. ಎಲೆಗಳಿಂದಲೋ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಮುಂದೆ ಹೇಳುವದೆಲ್ಲವೂ ಈ ಒಂದು ಕಷ್ಟವನ್ನು ನೀಗಿಸುವದಕ್ಕಾಗಿಯೇ.

ಮಳೆಗಾಲವು ತಕ್ಕ ಸಮಯ. ಹಾಲೆಗಳುಳ್ಳ ಎಲೆಗಳಿರುವ ಎಳೆಯ ಬಳ್ಳಿಯನ್ನೇ ಆರಿಸಬೇಕು. ಮುಪ್ಪಾದ ಐವಿಯು ಹೂಬಿಟ್ಟು, ಹಾಲೆಯಿಲ್ಲದ ಎಲೆಗಳನ್ನು ತಳೆಯುತ್ತದೆ, ಅದರ ತುಂಡು ಸುಲಭವಾಗಿ ಬೇರೂರದು. ನಾಲ್ಕೈದು ಅಂಗುಲದ ತುಂಡನ್ನು ಒಂದು ಗೆಣ್ಣಿನ ಸ್ವಲ್ಪ ಕೆಳಗೆ ಹರಿತವಾದ ಚಾಕುವಿನಿಂದ ಕೊಯ್ದು, ಕೆಳಗಿನ ಎಲೆಗಳನ್ನು ತೆಗೆದು, ತುದಿಯಲ್ಲಿ ಎರಡು ಮೂರನ್ನು ಮಾತ್ರ ಉಳಿಸತಕ್ಕದ್ದು. ಹೊಳೆಯ ಮರಳನ್ನೂ ಎಲೆಗೊಬ್ಬರವನ್ನೂ ಸಮವಾಗಿ ಬೆರಸಿದ ಕುಂಡದಲ್ಲಿ, ಒಂದೆರಡು ಗೆಣ್ಣುಗಳು ಹೂತುಹೋಗುವಂತೆ ನೆಟ್ಟು, ಗಾಜಿನ ಜಾಡಿಯೊಂದನ್ನು ಬೋರಲು ಹಾಕಿ ನೆರಳಿನಲ್ಲಿಡಬೇಕು. ಜಾಡಿಯೊಳಗಿನ ತೇವವು ಎಲೆಗಳನ್ನು ಬಾಡಗೊಡದು. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಜಾಡಿಯನ್ನು ತೆಗೆದರೆ ಬೂಷ್ಟು ಹಿಡಿಯುವದು ಕಡಿಮೆಯಾಗುತ್ತದೆ. ಲೋಟದ ನೀರಿನಲ್ಲಿ ಇಟ್ಟರೂ ಬೇರು ಬರುವದು, ಬಾಲಕಿಯರಿಗೆ ನೋಡಲು ಅದೇ ಚೆನ್ನು. ಆದರೆ ನೀರಿನ ಬೇರು ಮೆತ್ತಗಿದ್ದು ಮಣ್ಣಿಗೆ ಬದಲಾಯಿಸಿದಾಗ ಕೆಲವು ದಿನ ಸೊರಗುತ್ತದೆ.

ಅತಿ ಪ್ರೀತಿಯೂ ಗಿಡವನ್ನು ಕೊಲ್ಲುತ್ತದೆ. 2022ರ ಬೇಸಿಗೆ ರಜೆಯಲ್ಲಿ ನಮ್ಮ ಹಳೆಯ ಗಿಡಗಳಲ್ಲಿ ಒಂದರ ಹೊರತು ಮಿಕ್ಕವೆಲ್ಲ ಒಣಗಿದವು. ಉಳಿದದ್ದರಿಂದ ಹನ್ನೆರಡು ತುಂಡುಗಳನ್ನು ನೆಟ್ಟು, ಭಯದಿಂದ ಬೆಳಿಗ್ಗೆಯೂ ಸಂಜೆಯೂ ನೀರೆರೆದೆವು. ಎಲ್ಲವೂ ಬುಡ ಕೊಳೆತು ಕಪ್ಪಾದವು. ಆ ತಪ್ಪು ನಮ್ಮದೇ. ಎರಡನೆಯ ಸಾರಿ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿ, ಒಣಗುತ್ತ ಬಂದಾಗ ಮಾತ್ರ ನೀರು ಹಾಕಿದೆವು. ಬೇರು ಬಂದಿತೋ ಎಂದು ಕಿತ್ತು ನೋಡುವ ಬಾಲಕಿಯರನ್ನು ತಡೆಯುವದೇ ಹೆಚ್ಚಿನ ಕೆಲಸವಾಯಿತು. 4ರಿಂದ 6 ವಾರಗಳಲ್ಲಿ ಕುಡಿಯಲ್ಲಿ ಹೊಸ ಎಲೆ ಮೂಡುವದು, ಅದೇ ಗುರುತು.

ಐವಿಯ ಎಲೆಯೂ ಕಾಯಿಯೂ ವಿಷ. ಅದರ ರಸದಿಂದ ಕೆಲವರ ಚರ್ಮವು ಉರಿಯುವದು. ಕೊಯ್ದ ಮೇಲೆ ಕೈ ತೊಳೆಯಬೇಕು, ಚಿಕ್ಕ ಮಕ್ಕಳಿಗೆ ಎಟುಕದಂತೆ ಇಡಬೇಕು.

ಬೇರೂರಿದ ಗಿಡಗಳು ಈಗ ವರಾಂಡದ ಕೊನೆಯಲ್ಲಿವೆ. ಬೇಕಾದವರು ಜುಲೈ ತಿಂಗಳಲ್ಲಿ ಬರಬಹುದು. ಕುಂಡವನ್ನು ಮಾತ್ರ ತಾವೇ ತರತಕ್ಕದ್ದು.