ಚಿಮಣಿ ಒಂದನ್ನೇ ಉಳಿಸಿದರೆ ಸಾಲದು

ತೊಗರಿ, ಕಬ್ಬು, ಗಾಣಗಾಪುರದ ಸಂಗಮ, ಲಾಡ್ಲೆ ಮಶಾಕ್ ದರ್ಗಾ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳನ್ನು ಪರಿಚಯಿಸುವವರು ಸಾಮಾನ್ಯವಾಗಿ ಇಷ್ಟು ಹೇಳಿ ಮುಗಿಸುತ್ತಾರೆ. ಹಳೆಯ ಗಿರಣಿ, ಕಾರ್ಖಾನೆಗಳ ಮಾತು ತೆಗೆದರೆ ಸಿಗುವ ಉತ್ತರವೂ ಒಂದೇ: "ಅದು ಮುಂಬೈಯವರ ಮಾತ್ರಿ, ನಮ್ಮ ಕಡಿ ಅಂಥಾದ್ದೇನದ?" ಈ ನಂಬಿಕೆಯ ಜೊತೆಗೆ ಇನ್ನೂ ಕೆಲವು ತಪ್ಪು ತಿಳಿವಳಿಕೆಗಳು ಅಂಟಿಕೊಂಡಿವೆ. ಮುಚ್ಚಿದ ಗಿರಣಿಯ ಜಾಗ ಕೈಬದಲಾಗುವ ಹೊತ್ತಿಗೆ ಅವೆಲ್ಲ ಒಟ್ಟಾಗಿ ಕೆಲಸ ಮಾಡುತ್ತವೆ, ನೋಡನೋಡುತ್ತ ಗೋಡೆ ಬಿದ್ದುಹೋಗುತ್ತದೆ.

"ನಮ್ಮ ಕಡೆ ಕೈಗಾರಿಕೆಯ ಚರಿತ್ರೆಯೇ ಇಲ್ಲ"

ಇದು ಎಲ್ಲಕ್ಕಿಂತ ದೊಡ್ಡ ತಪ್ಪು. ಮುಂಬೈ ಕಡೆಯಿಂದ ಬಂದ ರೈಲು ಹಳಿ ಮದ್ರಾಸಿನ ಹಳಿಯನ್ನು ರಾಯಚೂರಿನಲ್ಲಿ ಕೂಡಿಕೊಂಡದ್ದು 1871ರಲ್ಲಿ. ಸೋಲಾಪುರ, ಕಲಬುರಗಿ, ಶಹಾಬಾದ್, ವಾಡಿ ಎಲ್ಲವೂ ಆ ಹಳಿಯ ಮೇಲೆ ಬಂದವು. 1874ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ನಿಜಾಮ ಸಂಸ್ಥಾನದ ರೈಲು ಶುರುವಾಯಿತು. ಎರೆಭೂಮಿಯ ಹತ್ತಿಗೆ ಹೊರಗಿನ ಮಾರುಕಟ್ಟೆ ತೆರೆದದ್ದು ಈ ಹಳಿಯಿಂದ. 1880ರ ದಶಕದಲ್ಲಿ ಕಲಬುರಗಿಯಲ್ಲಿ ನೂಲುವ, ನೇಯುವ ಗಿರಣಿ ಎದ್ದಿತು. ಆರನೇ ನಿಜಾಮ ಮಹಬೂಬ್ ಅಲಿ ಖಾನನ ಹೆಸರು ಹೊತ್ತ ಆ ಮಹಬೂಬ್ ಶಾಹಿ ಗಿರಣಿಯೇ ಜನರ ಬಾಯಲ್ಲಿ ಎಂ.ಎಸ್.ಕೆ. ಮಿಲ್ ಆಯಿತು. ಮುಂದೆ ಅದು ರಾಷ್ಟ್ರೀಯ ಜವಳಿ ನಿಗಮದ ಕೈಗೆ ಹೋಗಿ ಕೊನೆಗೆ ಮುಚ್ಚಿತು. ಇಂದಿಗೂ ಕಲಬುರಗಿಯಲ್ಲಿ ಆಟೋದವರಿಗೆ "ಎಂ.ಎಸ್.ಕೆ. ಮಿಲ್" ಎಂದರೆ ಸಾಕು, ಜಾಗ ಗೊತ್ತಾಗುತ್ತದೆ. ಕಾಗಿಣಾ ನದಿಯ ಬಳಿಯ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಬಂತು. 1936ರಲ್ಲಿ ಹತ್ತು ಕಂಪನಿಗಳು ಒಂದಾಗಿ ಎ.ಸಿ.ಸಿ. ಹುಟ್ಟಿದಾಗ ಶಹಾಬಾದಿನ ಕಂಪನಿಯೂ ಅದರಲ್ಲಿ ಸೇರಿತ್ತು.

ಇನ್ನು ಆಳಂದ, ಅಫಜಲಪುರದ ಗಡಿಯ ಹಳ್ಳಿಗಳಿಗೆ ಸೋಲಾಪುರವೇ ಗಿರಣಿಯ ಊರು. 1877ರಲ್ಲಿ ಅಲ್ಲಿ ಶುರುವಾದ ಮೊದಲ ಗಿರಣಿಯನ್ನು ಜನ ಹಳೇ ಗಿರಣಿ ಎಂದೇ ಕರೆದರು. ಕನ್ನಡ, ಮರಾಠಿ, ತೆಲುಗು, ಉರ್ದು ಮಾತಾಡುವವರು ಒಂದೇ ಭೋಂಗಾದ ಕೂಗಿಗೆ ಎದ್ದು ಪಾಳಿಗೆ ಹೋಗುತ್ತಿದ್ದ ಊರದು. 1930ರ ಮೇ ತಿಂಗಳಲ್ಲಿ ಗಾಂಧೀಜಿಯ ಬಂಧನದ ಸುದ್ದಿ ಬಂದಾಗ ಗಿರಣಿ ಕಾರ್ಮಿಕರು ಬೀದಿಗಿಳಿದರು, ಸರ್ಕಾರ ಮಾರ್ಷಲ್ ಲಾ ಹೇರಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂಧೆ, ಕುರ್ಬಾನ್ ಹುಸೇನ್ ಈ ನಾಲ್ವರನ್ನು ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು.

ಅದೇ ಹಳೇ ಗಿರಣಿ 1949ರಲ್ಲಿ ಬಾಗಿಲು ಹಾಕಿದಾಗ ಅದರ ಆಡಳಿತವನ್ನು ಕೇಂದ್ರ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. ಷೇರುದಾರರು ಸುಪ್ರೀಂ ಕೋರ್ಟಿಗೆ ಹೋದರು. ಸೋಲಾಪುರ ಗಿರಣಿಯ ಆ ತೀರ್ಪುಗಳನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. 1955ರ ನಾಲ್ಕನೇ ಸಂವಿಧಾನ ತಿದ್ದುಪಡಿಗೆ ಇದ್ದ ಕಾರಣಗಳಲ್ಲಿ ಅದೂ ಒಂದು. ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಮಿತಿಯಿದೆ ಎಂದು 1980ರಲ್ಲಿ ಸಾರಿದ ತೀರ್ಪು ಬೆಂಗಳೂರಿನ ಮಿನರ್ವಾ ಮಿಲ್ಸ್ ಹೆಸರಿನದು. ನಮ್ಮ ಸುತ್ತಲಿನ ಗಿರಣಿಗಳು ಬಟ್ಟೆಯನ್ನಷ್ಟೇ ಕೊಟ್ಟು ಹೋಗಿಲ್ಲ.

"ಪರಂಪರೆ ಎಂದರೆ ಕೋಟೆ, ಗುಡಿ, ಗುಂಬಜ್. ಅದಕ್ಕೆ ಪುರಾತತ್ವ ಇಲಾಖೆ ಬರಬೇಕು"

ಈ ಮಾತಿನ ಹಿಂದೆ ಒಂದು ನಿಜವಾದ ಭಯವಿದೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ; ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಬಹಮನಿ ಕಾಲದ ಕಟ್ಟಡಗಳ ನಡುವೆ ಬದುಕುವ ಕಲಬುರಗಿಯವರಿಗೆ ಇದರ ಬಿಸಿ ಚೆನ್ನಾಗಿ ಗೊತ್ತು. ಹಾಗಾಗಿ ಗಿರಣಿಯನ್ನೂ ಪರಂಪರೆ ಎಂದು ಕರೆದರೆ ಇಡೀ ಬಡಾವಣೆಗೆ ಬೀಗ ಬೀಳುತ್ತದೆ ಎಂದು ಹೆದರುತ್ತಾರೆ.

ಆದರೆ ಆ ನಿಯಮ ಅನ್ವಯಿಸುವುದು 1958ರ ಕೇಂದ್ರ ಕಾಯ್ದೆಯಡಿ ರಾಷ್ಟ್ರೀಯ ಮಹತ್ವದವೆಂದು ಘೋಷಣೆಯಾದ ಸ್ಮಾರಕಗಳಿಗೆ. ಅದಕ್ಕೆ 100 ವರ್ಷದ ವಯಸ್ಸೂ ಬೇಕು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡದ ವ್ಯಾಖ್ಯೆ ಬೇರೆಯೇ ಇದೆ. ವಾಸ್ತುಶಿಲ್ಪ, ಸೌಂದರ್ಯ, ಚರಿತ್ರೆ ಅಥವಾ ಸಂಸ್ಕೃತಿಯ ಮೌಲ್ಯವುಳ್ಳ ಕಟ್ಟಡವನ್ನು ಸ್ಥಳೀಯ ಯೋಜನಾ ಪ್ರಾಧಿಕಾರವೇ ಹಾಗೆಂದು ಘೋಷಿಸಬಹುದು. ದಿಲ್ಲಿಯ ದಾರಿ ಕಾಯಬೇಕಿಲ್ಲ. ಜಗತ್ತೂ ಈ ವಿಷಯದಲ್ಲಿ ಬಹಳ ಮುಂದೆ ಹೋಗಿದೆ. 2003ರಲ್ಲಿ ರಷ್ಯಾದ ನಿಜ್ನಿ ತಾಗಿಲ್ ನಗರದಲ್ಲಿ ಒಪ್ಪಿದ ಸನ್ನದು ಯಂತ್ರ, ಉಗ್ರಾಣ, ಗಣಿ, ವಿದ್ಯುತ್ ಮನೆ, ರೈಲು ಹಳಿಗಳನ್ನಷ್ಟೇ ಅಲ್ಲ, ಕಾರ್ಮಿಕರ ವಸತಿ, ಶಾಲೆ, ಪ್ರಾರ್ಥನಾ ಸ್ಥಳಗಳನ್ನೂ ಕೈಗಾರಿಕಾ ಪರಂಪರೆ ಎಂದೇ ಎಣಿಸಿತು.

"ಚಿಮಣಿ ಉಳಿಸಿದ್ದೇವಲ್ಲ, ಇನ್ನೇನು?"

ಒಳ್ಳೆಯ ಮನಸ್ಸಿನವರೂ ಎಡವುವುದು ಇಲ್ಲಿ. ಎಲ್ಲ ಕೆಡವಿ, ಚಿಮಣಿಯೊಂದನ್ನು ನಿಲ್ಲಿಸಿ, ಸುತ್ತ ಹುಲ್ಲು ಹಾಸಿ ದೀಪ ಬಿಟ್ಟರೆ ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಆ ಚಿಮಣಿ ಯಾಕೆ ಅಷ್ಟು ಎತ್ತರವಿತ್ತು, ಅದರ ಬುಡದಲ್ಲಿ ಏನು ಉರಿಯುತ್ತಿತ್ತು, ಆ ಉಗಿ ಎಲ್ಲಿಗೆ ಹೋಗುತ್ತಿತ್ತು ಎಂದು ಮುಂದೆ ಹುಡುಗನೊಬ್ಬ ಕೇಳಿದರೆ ತೋರಿಸಲು ಏನೂ ಉಳಿದಿರುವುದಿಲ್ಲ.

ನಮ್ಮ ಕಡೆಯವರಿಗೆ ಸಕ್ಕರೆ ಕಾರ್ಖಾನೆಯ ಉದಾಹರಣೆಯೇ ಹತ್ತಿರ. ಆಳಂದ ತಾಲೂಕಿನ ಭೂಸನೂರು, ಅಫಜಲಪುರ ತಾಲೂಕಿನ ಹವಳಗಾ ಎಂದರೆ ಕಬ್ಬಿನ ಗಾಡಿಗಳ ಸಾಲು ಕಣ್ಣಿಗೆ ಕಟ್ಟುತ್ತದೆ. ತೂಕದ ಸೇತುವೆಯಲ್ಲಿ ತೂಗಿದ ಕಬ್ಬು ಚೂರಾಗಿ ರೋಲರುಗಳ ನಡುವೆ ನುರಿಯುತ್ತದೆ. ರಸ ಒಂದು ದಾರಿ ಹಿಡಿದರೆ ಸಿಪ್ಪೆ ಇನ್ನೊಂದು ದಾರಿ ಹಿಡಿದು ಬಾಯ್ಲರಿಗೆ ಹೋಗಿ ಉರಿಯುತ್ತದೆ. ಆ ಉಗಿಯೇ ಯಂತ್ರ ತಿರುಗಿಸುತ್ತದೆ, ಅದೇ ಉಗಿ ರಸವನ್ನು ಕುದಿಸುತ್ತದೆ. ಜಾಕ್‌ವೆಲ್‌ನಿಂದ ಬಂದ ನೀರು ತಂಪು ಮಾಡುವ ಕೆಲಸ ಮುಗಿಸಿ ಹೊಂಡಕ್ಕೆ ಹೋಗುತ್ತದೆ. ಇದರಲ್ಲಿ ಯಾವೊಂದನ್ನೂ ಬಿಡಿಯಾಗಿ ನೋಡಿದರೆ ಅರ್ಥವಾಗುವುದಿಲ್ಲ. ಹಾಗಾಗಿ ಮುಂದೆಂದಾದರೂ ಇಂಥ ಜಾಗಕ್ಕೆ ಬೇರೆ ಬಳಕೆ ಹುಡುಕುವ ಕಾಲ ಬಂದರೆ, ಮೊದಲು ಗುರುತಿಸಬೇಕಾದ್ದು ಈ ದಾರಿಯನ್ನು: ಕಬ್ಬು ಒಳಬರುವ ಬಾಗಿಲಿನಿಂದ ಸಕ್ಕರೆ ಚೀಲ ಹೊರಹೋಗುವ ಬಾಗಿಲಿನವರೆಗೆ.

ಅಮೆರಿಕದಲ್ಲಿ ಇದನ್ನು ಸ್ವಲ್ಪ ಮಟ್ಟಿಗೆ ಮಾಡಿ ತೋರಿಸಿದ್ದಾರೆ. ನ್ಯೂಯಾರ್ಕಿನ ಈಸ್ಟ್ ರಿವರ್ ದಂಡೆಯ ಡೊಮಿನೊ ಸಕ್ಕರೆ ಕಾರ್ಖಾನೆ 2004ರಲ್ಲಿ ಮುಚ್ಚಿತು. 1880ರ ದಶಕದಲ್ಲಿ ಕಟ್ಟಿದ ಅದರ ಇಟ್ಟಿಗೆಯ ಸಂಸ್ಕರಣಾ ಕಟ್ಟಡಕ್ಕೆ 2007ರಲ್ಲಿ ನಗರದ ರಕ್ಷಣೆ ಸಿಕ್ಕಿತು. 2018ರಲ್ಲಿ ನದಿಯುದ್ದಕ್ಕೂ ತೆರೆದ ಉದ್ಯಾನದಲ್ಲಿ ಪಾಕದ ತೊಟ್ಟಿಗಳು, ಕ್ರೇನು, ಸಕ್ಕರೆ ಉಗ್ರಾಣದ ಉಕ್ಕಿನ ಕಂಬಗಳನ್ನು ನಡಿಗೆಯ ದಾರಿಯಲ್ಲಿ ನಿಲ್ಲಿಸಿದರು. 2023ರಲ್ಲಿ ಹಳೆಯ ಇಟ್ಟಿಗೆ ಗೋಡೆಗಳ ಒಳಗೇ ಗಾಜಿನ ಹೊಸ ಕಚೇರಿ ಕಟ್ಟಡ ಎದ್ದಿತು. ಅಲ್ಲೂ ಉಗ್ರಾಣ ಸೇರಿ ಅನೇಕ ಕಟ್ಟಡಗಳು ನೆಲಸಮವಾದವು, ಪಕ್ಕದಲ್ಲಿ ಎದ್ದ ಗೋಪುರಗಳಲ್ಲಿ ದುಡಿಯುವ ಜನಕ್ಕೆ ನಿಲುಕದ ಮನೆಗಳೇ ಹೆಚ್ಚು ಎಂಬ ದೂರೂ ಇದೆ. ಅದನ್ನು ಹಾಗೇ ನಕಲು ಮಾಡಿ ಎಂದು ನಾನು ಹೇಳಲಾರೆ. ಆದರೆ ಯಂತ್ರಗಳನ್ನು ಗುಜರಿಗೆ ಹಾಕದೆ ಅದೇ ನೆಲದಲ್ಲಿ ಉಳಿಸಿದ್ದು ಸರಿಯಾದ ನಿರ್ಧಾರ.

ನಮ್ಮ ರಾಜ್ಯದಲ್ಲೇ ಗೋಕಾಕ ಫಾಲ್ಸ್‌ಗೆ ಹೋಗಿ ನೋಡಿ. 1880ರ ದಶಕದ ಗಿರಣಿ, ಅದಕ್ಕೆ ಶಕ್ತಿ ಕೊಟ್ಟ ಘಟಪ್ರಭೆಯ ಜಲಪಾತ, ತೂಗುಸೇತುವೆ, ಕಾರ್ಮಿಕರ ಊರು ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಅಲ್ಲಿ ಯಾರಿಗೂ ಪಾಠ ಹೇಳಬೇಕಿಲ್ಲ, ನೀರಿಗೂ ನೂಲಿಗೂ ಇದ್ದ ಸಂಬಂಧ ತಾನಾಗಿ ತಿಳಿಯುತ್ತದೆ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಶುರುಮಾಡಿದ ಹೆಂಚಿನ ಕಾರ್ಖಾನೆಯೂ ಹಾಗೆಯೇ ನೇತ್ರಾವತಿಯ ದಂಡೆಯ ಜೇಡಿಮಣ್ಣನ್ನು ನೆಚ್ಚಿ ನಿಂತದ್ದು. ನದಿಯನ್ನು ಬಿಟ್ಟು ಹೆಂಚಿನ ಕಥೆ ಹೇಳಲಾಗದು.

"ನಡೆಯುತ್ತಿರುವ ಕಾರ್ಖಾನೆಗೆ ಪರಂಪರೆಯ ಮಾತು ಯಾಕೆ?"

ನಡೆಯುವಾಗಲೇ ಹೆಚ್ಚು ಕಳೆದುಹೋಗುತ್ತದೆ, ಅದಕ್ಕೆ. ಹೊಸ ಯಂತ್ರ ಬಂದ ದಿನ ಹಳೆಯದು ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಅಳತೆ ತೆಗೆದು, ಫೋಟೋ ಹಿಡಿದು, ನಕ್ಷೆಯ ಪ್ರತಿ ಇಟ್ಟುಕೊಂಡರೆ ಉತ್ಪಾದನೆಗೆ ಯಾವ ಅಡ್ಡಿಯೂ ಇಲ್ಲ. ಜೇವರ್ಗಿ, ಆಳಂದದ ಹಳೆಯ ಹತ್ತಿ ಜಿನ್ನುಗಳು, ಎಣ್ಣೆ ಗಿರಣಿಗಳು, ದಾಲ್ ಮಿಲ್‌ಗಳಿಗೂ ಇದೇ ಮಾತು.

"ಹಳೆಯದನ್ನು ಉಳಿಸಿದರೆ ಅಭಿವೃದ್ಧಿ ನಿಲ್ಲುತ್ತದೆ"

ಮುಂಬೈಯ ಗಿರಣಿ ಜಮೀನಿನ ಕಥೆ ಇದಕ್ಕೆ ಸರಿಯಾದ ಉತ್ತರ. 1982ರ ಮಹಾ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಿದ್ದರು, ಅನೇಕ ಗಿರಣಿಗಳು ಮತ್ತೆ ಚೇತರಿಸಿಕೊಳ್ಳಲಿಲ್ಲ. 1991ರ ನಿಯಮ ಆ ಜಮೀನನ್ನು ಮೂರು ಪಾಲು ಮಾಡಿತು: ಒಂದು ಪಾಲು ಬಯಲಿಗೆ, ಒಂದು ಸಾರ್ವಜನಿಕ ವಸತಿಗೆ, ಇನ್ನೊಂದು ಮಾಲೀಕರಿಗೆ. 2001ರಲ್ಲಿ ಆ ಲೆಕ್ಕವನ್ನು ಖಾಲಿ ಜಾಗಕ್ಕೆ ಮಾತ್ರ ಸೀಮಿತಗೊಳಿಸಿದರು. ಕಟ್ಟಡ ನಿಂತಿದ್ದ ನೆಲ ಲೆಕ್ಕದಿಂದ ಹೊರಗೆ ಹೋಯಿತು, ಸಾರ್ವಜನಿಕರ ಪಾಲು ಕುಗ್ಗಿತು. 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇಲ್ಲಿ ಅಭಿವೃದ್ಧಿಗೆ ಯಾವ ಕೊರತೆಯೂ ಆಗಲಿಲ್ಲ. ಅದರಲ್ಲಿ ಕಾರ್ಮಿಕರಿಗೆ, ನಗರಕ್ಕೆ ಎಷ್ಟು ಸಿಕ್ಕಿತು ಎಂಬುದೇ ಪ್ರಶ್ನೆ. ಉಳಿಸುವವರು ಅಡ್ಡಬಂದರು ಎಂಬ ದೂರು ಎದ್ದ ಕಡೆಯೆಲ್ಲ ನಾವು ಕೇಳಬೇಕಾದ್ದು ಇಷ್ಟೇ: ಈ ಜಮೀನಿನಲ್ಲಿ ಯಾರ ಪಾಲು ಎಷ್ಟು?

ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಬ್ಯಾಂಕ್‌ಸೈಡ್ ವಿದ್ಯುತ್ ಕೇಂದ್ರ 1981ರಲ್ಲಿ ಮುಚ್ಚಿ 2000ದಲ್ಲಿ ಟೇಟ್ ಮಾಡರ್ನ್ ಕಲಾಸಂಗ್ರಹಾಲಯವಾಯಿತು. ನಮ್ಮ ಪಟ್ಟಣಗಳಿಗೆ ಅಷ್ಟು ದೊಡ್ಡ ಕನಸು ಬೇಡ. ಹಳೆಯ ನೇಯ್ಗೆ ಶೆಡ್ಡುಗಳ ಗರಗಸದ ಹಲ್ಲಿನಂಥ ಮಾಡನ್ನು ಉತ್ತರದ ಬೆಳಕು ಒಳಬರುವಂತೆ, ನೇರ ಬಿಸಿಲು ಬೀಳದಂತೆ ಕಟ್ಟುತ್ತಿದ್ದರು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಸಂತೆ, ಗ್ರಂಥಾಲಯ, ತರಬೇತಿ ಕೇಂದ್ರಕ್ಕೆ ಅಂಥ ಶೆಡ್ಡಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

"ಹಳೇ ಗಿರಣಿ ಅಂದ್ರ ವಿಷ, ಯಾವಾಗ ಬೀಳ್ತದೋ"

ಅರ್ಧ ನಿಜ. ಹಳೆಯ ಕಾರ್ಖಾನೆಯ ನೆಲದಲ್ಲಿ ಎಣ್ಣೆ, ಬಣ್ಣ, ಭಾರಲೋಹ ಇಂಗಿರಬಹುದು. ಬಾಯ್ಲರಿನ ಹೊದಿಕೆಯಲ್ಲಿ, ಮಾಡಿನ ಹಾಳೆಗಳಲ್ಲಿ ಕಲ್ನಾರು ಇರಬಹುದು. ಆದರೆ ಜೆ.ಸಿ.ಬಿ. ತಂದು ಒಡೆದರೆ ಅಪಾಯ ಹೋಗುವುದಿಲ್ಲ. ಕಲ್ನಾರಿನ ಎಳೆ ಗಾಳಿಗೆ ಹಾರುವುದೇ ಒಡೆದಾಗ. ಉಳಿಸಿದರೂ ಕೆಡವಿದರೂ ಮಣ್ಣಿನ ಪರೀಕ್ಷೆ, ಶುದ್ಧೀಕರಣ ಮಾಡಲೇಬೇಕು. ಬೀಳುತ್ತದೋ ನಿಲ್ಲುತ್ತದೋ ಎಂಬುದನ್ನು ಹೇಳಬೇಕಾದವರು ರಚನಾ ಎಂಜಿನಿಯರು, ಗೋಡೆಯ ಮೇಲಿನ ಪಾಚಿ ನೋಡಿದ ದಾರಿಹೋಕರಲ್ಲ. ದುರಸ್ತಿಯ ಬಗ್ಗೆ ಒಂದು ಎಚ್ಚರಿಕೆ: ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಬೇಡಿ. ತೇವ ಹೊರಬರಲಾಗದೆ ಒಳಗಿನ ಇಟ್ಟಿಗೆ ಪುಡಿಯಾಗುತ್ತದೆ. ಸುಣ್ಣಕ್ಕೆ ಸುಣ್ಣವೇ ಬೇಕು.

"ನದಿ ದಂಡೆ ಅಂದರೆ ಗೋಡೆ ಕಟ್ಟಿ, ಟೈಲ್ಸ್ ಹಾಕುವುದು"

ನೀರಿನ ಬಳಿ ಕಾರ್ಖಾನೆ ಕಟ್ಟಿದವರಿಗೆ ನೀರಿನ ಏರಿಳಿತ ಗೊತ್ತಿತ್ತು. ನೀರೆತ್ತುವ ಬಾವಿ, ಕಾಲುವೆ, ಹೊಂಡ, ತೂಬುಗಳೂ ಪರಂಪರೆಯ ಭಾಗವೇ. ಅಮೆರಿಕದ ಲೋವೆಲ್ ಎಂಬ ಜವಳಿ ಪಟ್ಟಣವನ್ನು 1978ರಲ್ಲಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಮಾಡಿದಾಗ ಗಿರಣಿಗಳ ಜೊತೆ ಅವುಗಳಿಗೆ ಶಕ್ತಿ ಕೊಟ್ಟ ಕಾಲುವೆಗಳನ್ನೂ ಸೇರಿಸಿಕೊಂಡರು. ನಮ್ಮಲ್ಲಿ ಮೊದಲು ಮುಚ್ಚುವುದೇ ಹೊಂಡವನ್ನು, ಅದರ ಮೇಲೆ ನಿವೇಶನ ಹಾಕಲು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕಿನ ಹಳ್ಳಿಗಳಿಗೆ ನುಗ್ಗಿದ್ದನ್ನು ಕಂಡವರಿಗೆ ನೀರಿಗೆ ಜಾಗ ಬಿಡಬೇಕೆಂದು ಬೇರೆ ಹೇಳಬೇಕಿಲ್ಲ. ಹಳೆಯ ಹೊಂಡವನ್ನು ಹೊಂಡವಾಗಿಯೇ ಬಿಟ್ಟರೆ ಚರಿತ್ರೆಯೂ ಉಳಿಯುತ್ತದೆ, ನೆರೆಯ ನೀರಿಗೆ ತಾವೂ ಸಿಗುತ್ತದೆ.

"ಕಟ್ಟಡ ಹೋದ ಮೇಲೆ ಉಳಿಯುವುದೇನು?"

ಬಹಳಷ್ಟು ಉಳಿಯುತ್ತದೆ, ಹುಡುಕಿದರೆ. ಹಾಜರಿ ಪುಸ್ತಕ, ಪಗಾರದ ಚೀಟಿ, ಹಿತ್ತಾಳೆಯ ಬಿಲ್ಲೆ, ಯೂನಿಯನ್ ಕರಪತ್ರ, ಬೀಳ್ಕೊಡುಗೆಯ ಗುಂಪು ಫೋಟೋ. ಭೋಂಗಾ ಎಷ್ಟು ಹೊತ್ತಿಗೆ ಕೂಗುತ್ತಿತ್ತು, ಯಾವ ಖಾತೆಯಲ್ಲಿ ಹೆಣ್ಣುಮಕ್ಕಳು ದುಡಿಯುತ್ತಿದ್ದರು, ಯಾರ ಬೆರಳು ಯಂತ್ರಕ್ಕೆ ಸಿಕ್ಕಿತು ಎಂಬ ನೆನಪುಗಳು. ನಿಜಾಮ ಸಂಸ್ಥಾನದಲ್ಲಿ ನಮ್ಮ ಜೊತೆಗಿದ್ದ ವರಂಗಲ್ಲಿನ ಆಜಂ ಜಾಹಿ ಮಿಲ್ 1934ರಲ್ಲಿ ಶುರುವಾಗಿ 2002ರಲ್ಲಿ ಮುಚ್ಚಿತು, ಜಮೀನು ಬಡಾವಣೆಯಾಯಿತು. ಗೋಡೆ ಬಿದ್ದ ಮೇಲೆ ಅಂಥ ಗಿರಣಿಯ ಬಗ್ಗೆ ಹೇಳಬಲ್ಲವರು ಅಲ್ಲಿ ದುಡಿದವರು ಮಾತ್ರ, ಅವರಿಗೂ ವಯಸ್ಸಾಗುತ್ತಿದೆ.

ಆದ್ದರಿಂದ ಈ ಮೂರು ತಾಲೂಕಿನ ಓದುಗರಲ್ಲಿ ನನ್ನ ಬೇಡಿಕೆ ಎರಡೇ. ನಿಮ್ಮ ಮನೆಯಲ್ಲಿ ಸೋಲಾಪುರದ ಗಿರಣಿ, ಎಂ.ಎಸ್.ಕೆ. ಮಿಲ್ ಅಥವಾ ಶಹಾಬಾದಿನ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದ ಅಜ್ಜ, ಆಯಿ ಇದ್ದರೆ ಈ ವಾರವೇ ಅವರ ಮಾತನ್ನು ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ, ಅವರ ಕಾಗದಗಳನ್ನು ರದ್ದಿಗೆ ಹಾಕಬೇಡಿ. ಮತ್ತೆ, ನಿಮ್ಮ ಪಟ್ಟಣದ ಮಹಾಯೋಜನೆಯ ಕರಡು ಪ್ರಕಟವಾಗಿ ಆಕ್ಷೇಪಣೆ, ಸಲಹೆ ಕೇಳಿದಾಗ ನಿಮ್ಮೂರಿನ ಹಳೆಯ ಜಿನ್ನು, ಗಿರಣಿ, ಉಗ್ರಾಣ, ನೀರೆತ್ತುವ ಬಾವಿಗಳ ಪಟ್ಟಿಯನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪಟ್ಟಿಯಲ್ಲಿ ಹೆಸರಿಲ್ಲದ ಕಟ್ಟಡವನ್ನು ಕೆಡವುವಾಗ ಯಾರೂ ಯಾರನ್ನೂ ಕೇಳಬೇಕಾಗಿಲ್ಲ.