ಬೇಸಿಗೆಯಲ್ಲಿ ಕೂಡಿಟ್ಟ ಬೆಂಕಿ

ಜುಲೈ ತಿಂಗಳ ಒಂದು ಬೆಳಗು. ಮಲೆನಾಡಿನ ಹಳ್ಳಿ. ನಾಲ್ಕು ದಿನಗಳಿಂದ ಬಿಡದೆ ಸುರಿಯುತ್ತಿರುವ ಮಳೆ. ಏಳೂವರೆಯ ಬಸ್ಸು ಹಿಡಿಯಬೇಕಾದ ಹುಡುಗ ಟವೆಲನ್ನು ಹೆಗಲಿಗೆ ಹಾಕಿಕೊಂಡು ಬಚ್ಚಲಮನೆಯ ಬಾಗಿಲಲ್ಲಿ ನಿಂತಿದ್ದಾನೆ. ಹಂಡೆಯ ನೀರು ಇನ್ನೂ ತಣ್ಣಗೇ ಇದೆ. ಒಲೆಯ ಮುಂದೆ ಕುಳಿತ ಅಮ್ಮ ಊದುಗೊಳವೆ ಹಿಡಿದು ಊದಿದ್ದೇ ಊದಿದ್ದು. ಸೌದೆಯ ತುದಿಯಲ್ಲಿ ನೀರು ನೊರೆಯಾಗಿ ಉಕ್ಕಿ ಸುಂಯ್‌ಗುಡುತ್ತದೆ. ಮನೆಯೆಲ್ಲ ಹೊಗೆ, ಅಮ್ಮನ ಕಣ್ಣೆಲ್ಲ ನೀರು!

ಅದೇ ಊರಿನ ಇನ್ನೊಂದು ಮನೆಯಲ್ಲಿ ಅದೇ ಮಳೆ, ಅಂಥದೇ ಒಲೆ, ಅದೇ ಜಾತಿಯ ಮರದ ಸೌದೆ. ಆದರೆ ಅಲ್ಲಿ ಒಂದು ಕಡ್ಡಿ ಗೀರಿದ್ದೇ ತಡ, ಉರಿ ಎದ್ದಿದೆ. ಮಕ್ಕಳ ಸ್ನಾನ ಮುಗಿದು ದೋಸೆಯ ಘಮ ಹಬ್ಬಿದೆ. ಈ ಎರಡು ಮನೆಗಳ ನಡುವಿನ ವ್ಯತ್ಯಾಸ ಹುಟ್ಟಿದ್ದು ಐದು ತಿಂಗಳ ಹಿಂದೆ, ಫೆಬ್ರವರಿಯ ಬಿಸಿಲಿನಲ್ಲಿ. ಒಬ್ಬರು ಆಗಲೇ ಸೌದೆ ಒಡೆದು ಒಣಗಿಸಿಟ್ಟರು. ಇನ್ನೊಬ್ಬರು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ, ಮೋಡ ಕಟ್ಟಿದ ಮೇಲೆ ಕೊಡಲಿ ಹುಡುಕಿದರು.

ಶಿವಮೊಗ್ಗದ ಕಡೆ ಸೌದೆ, ಶಿರಸಿ–ಸಿದ್ದಾಪುರದ ಕಡೆ ಕಟ್ಟಿಗೆ. ಹೆಸರು ಯಾವುದಾದರೇನು, ಅದನ್ನು ಕೂಡಿಡುವ ಕೆಲಸದ ಹಿಂದೆ ಶಾಲೆಯ ವಿಜ್ಞಾನ ಪುಸ್ತಕದ ಹಲವು ಪಾಠಗಳು ಅಡಗಿವೆ.

ಮರದೊಳಗಿನ ಕೊಡ

ಜೀವಂತ ಮರ ಎಂದರೆ ನೀರು ಏರುವ ಕೊಳವೆಗಳ ಕಟ್ಟು. ಹಸಿ ಮರದ ತೂಕದಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ನೀರೇ ಇರುತ್ತದೆ. 30 ಕಿಲೋ ಹಸಿ ಸೌದೆಯನ್ನು ತಲೆಯ ಮೇಲೆ ಹೊತ್ತು ತಂದ ಹೆಂಗಸು, ತನಗರಿವಿಲ್ಲದೆಯೇ 10ರಿಂದ 15 ಕಿಲೋ ನೀರನ್ನೂ ಹೊತ್ತಿರುತ್ತಾಳೆ. ಎಂದರೆ ತುಂಬಿದ ಒಂದು ಕೊಡ!

ಈ ನೀರನ್ನು ಬಿಸಿಲಿನಲ್ಲಿ ಹೊರಹಾಕದಿದ್ದರೆ ಒಲೆಯಲ್ಲಿ ಹೊರಹಾಕಬೇಕು. ಅದಕ್ಕೆ ತಗಲುವ ಶಾಖ ಎಷ್ಟು? ಅರ್ಧ ನೀರಿರುವ 10 ಕಿಲೋ ಸೌದೆಯ ಲೆಕ್ಕ ಹಾಕೋಣ. ಅದರಲ್ಲಿರುವ 5 ಕಿಲೋ ಒಣ ಮರ ಸುಮಾರು 90 ಮೆಗಾಜೂಲ್ ಶಾಖ ಕೊಡಬಲ್ಲದು. ಉಳಿದ 5 ಕಿಲೋ ನೀರನ್ನು ಆವಿ ಮಾಡಲು ಸುಮಾರು 13 ಮೆಗಾಜೂಲ್ ಬೇಕು. ನಷ್ಟ ಏಳರಲ್ಲಿ ಒಂದು ಪಾಲು ಮಾತ್ರ. ಹಾಗಾದರೆ ಹಸಿ ಸೌದೆ ಅಷ್ಟೊಂದು ಕಾಡುವುದೇಕೆ?

ಹೊಗೆ ಎಂದರೆ ಉರಿಯದ ಸೌದೆ

ಮರ ನೇರವಾಗಿ ಉರಿಯುವುದಿಲ್ಲ. ಕಾದ ಮರದಿಂದ ಅನಿಲಗಳು ಹೊರಬರುತ್ತವೆ. ನಾವು ನೋಡುವ ಜ್ವಾಲೆ ಆ ಅನಿಲಗಳು ಉರಿಯುವ ಬೆಳಕು. ಒಣ ಮರದ ತೂಕದ ಮುಕ್ಕಾಲು ಪಾಲಿಗೂ ಹೆಚ್ಚು ಹೀಗೆ ಅನಿಲವಾಗಿಯೇ ಹೊರಡುತ್ತದೆ; ಉಳಿದದ್ದು ಕೆಂಡ, ಕೊನೆಗೆ ಬೂದಿ.

ಸೌದೆಯಲ್ಲಿ ನೀರಿದ್ದಾಗ ಒಲೆಯ ಬಿಸಿ ಏರುವುದೇ ಇಲ್ಲ. ಸೌದೆಯ ಒಳಭಾಗ ನೀರು ಕುದಿಯುವ 100 ಡಿಗ್ರಿಯ ಆಸುಪಾಸಿನಲ್ಲೇ ತಡೆದು ನಿಲ್ಲುತ್ತದೆ. ಹೊರಮೈಯಿಂದ ಹೊರಟ ಅನಿಲಗಳು ಹೊತ್ತಿಕೊಳ್ಳುವಷ್ಟು ಬಿಸಿಯಾಗದೆ ಹಾಗೆಯೇ ತಪ್ಪಿಸಿಕೊಳ್ಳುತ್ತವೆ. ಅದೇ ಹೊಗೆ. ಆದ್ದರಿಂದ ಆವಿಗೆ ತೆತ್ತ ಶಾಖಕ್ಕಿಂತ ದೊಡ್ಡ ನಷ್ಟ ಹೊಗೆಯದು. ಪಾತ್ರೆಯ ಕೆಳಗೆ ಉರಿಯಬೇಕಾದ ಸೌದೆ ಅಮ್ಮನ ಕಣ್ಣಿಗೂ ಪುಪ್ಪುಸಕ್ಕೂ ಹೋಗುತ್ತದೆ.

ಇದು ಬರೀ ಕಣ್ಣೀರಿನ ಮಾತಲ್ಲ. ಮನೆಯೊಳಗಿನ ಒಲೆಯ ಹೊಗೆಯಿಂದಾಗಿ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಲೆಯ ಬಳಿ ಹೆಚ್ಚು ಹೊತ್ತು ಕಳೆಯುವವರು ತಾಯಂದಿರು ಮತ್ತು ಅವರ ಸೆರಗು ಹಿಡಿದ ಪುಟ್ಟ ಮಕ್ಕಳು.

ಕಡಿಯುವುದು, ಸೀಳುವುದು

ಶಿವರಾತ್ರಿಯ ಆಚೀಚೆ ಮಲೆನಾಡಿನ ಅಂಗಳಗಳಲ್ಲಿ ಕೊಡಲಿಯ ಸದ್ದು ಕೇಳತೊಡಗುತ್ತದೆ. ಬಿದ್ದ ಮರ, ಒಣಗಿ ನಿಂತ ಮರ, ಗಾಳಿಗೆ ಮುರಿದ ಕೊಂಬೆ—ಇವೇ ಮೊದಲ ಆಯ್ಕೆ. ಮತ್ತಿ, ಹುಣಾಲು, ಜಂಬೆ, ದಿಂಡಿಗದಂಥ ಗಟ್ಟಿ ಮರಗಳ ಸೌದೆ ಸಿಕ್ಕರೆ ಮನೆಯವರಿಗೆ ಹಿಗ್ಗು. ತೂಕದ ಲೆಕ್ಕದಲ್ಲಿ ನೋಡಿದರೆ ಒಣಗಿದ ಯಾವ ಮರವಾದರೂ ಕೊಡುವ ಶಾಖ ಹೆಚ್ಚುಕಡಿಮೆ ಒಂದೇ. ಆದರೆ ಅದೇ ಗಾತ್ರದ ಬೂರುಗದ ತುಂಡಿಗಿಂತ ಮತ್ತಿಯ ತುಂಡು ಎರಡು ಪಟ್ಟು ತೂಗುತ್ತದೆ. ಬೂರುಗ ಭಗ್ಗನೆ ಉರಿದು ಮುಗಿಯುತ್ತದೆ. ಮತ್ತಿ ನಿಧಾನವಾಗಿ ಉರಿದು, ಬಹಳ ಹೊತ್ತು ಕೆಂಡ ಹಿಡಿದಿಡುತ್ತದೆ.

ಮರದ ನೀರು ಅಡ್ಡಕ್ಕೆ ಹರಿಯುವುದಕ್ಕಿಂತ ಉದ್ದಕ್ಕೆ ಬಲು ಬೇಗ ಹರಿಯುತ್ತದೆ. ಅದು ಬೇರಿನಿಂದ ಮೇಲೇರಿದ ದಾರಿಯೇ ಅಲ್ಲವೇ! ತೊಗಟೆಯಂತೂ ನೀರನ್ನು ಒಳಗೇ ಕಟ್ಟಿಹಾಕುತ್ತದೆ. ಆದ್ದರಿಂದಲೇ ಮೊದಲು ಗರಗಸದಿಂದ ಒಲೆಯ ಅಳತೆಗೆ ಗಿಡ್ಡ ತುಂಡು, ಆಮೇಲೆ ಕೊಡಲಿಯಿಂದ ಸೀಳು. ಸೀಳಿದಷ್ಟೂ ಗಾಳಿ ತಾಗುವ ಮೈ ಹೆಚ್ಚು. ಕೊಡಲಿಗೆ ಬಗ್ಗದ ದಪ್ಪ ತುಂಡಿಗೆ ಬಿರುಕಿನಲ್ಲಿ ಬೆಣೆ ಇಟ್ಟು ಹೊಡೆಯುತ್ತಾರೆ. ಮುಂಗೈ ಗಾತ್ರದ ಸೀಳು ನಾಲ್ಕು ತಿಂಗಳ ಬಿಸಿಲಿಗೆ ಚೆನ್ನಾಗಿ ಒಣಗುತ್ತದೆ. ಸೀಳದೆ ಬಿಟ್ಟ ದಪ್ಪ ಕುಂಟೆಗೆ ವರ್ಷವೂ ಸಾಲದು.

ಕೊಡಲಿ ಬೀಸುವಾಗ ಎದುರಿನಲ್ಲಿ ಮಕ್ಕಳು ನಿಲ್ಲಬಾರದು. ಕಾಲಿಗೆ ಗಟ್ಟಿ ಮೆಟ್ಟು ಬೇಕು. ಕಾಡಿನ ಗೇರು ಜಾತಿಯ ಕೆಲವು ಮರಗಳ ಸೊನೆ ಮೈಗೆ ತಗುಲಿದರೆ ಗುಳ್ಳೆ ಏಳುವುದರಿಂದ, ತಿಳಿದವರು ಅವನ್ನು ಮುಟ್ಟುವುದೇ ಇಲ್ಲ.

ಕೊಟ್ಟಿಗೆಯ ಶಿಸ್ತು

ಒಣಗಿಸಿದ್ದನ್ನು ಕಾಪಾಡುವುದು ಇನ್ನೊಂದು ಕಲೆ. ಸೌದೆಯನ್ನು ನೆಲಕ್ಕೆ ತಾಗಿಸಿ ಪೇರಿಸಿದರೆ ತೇವವೂ ಏರುತ್ತದೆ, ಗೆದ್ದಲೂ ಏರುತ್ತದೆ. ಕೆಳಗೆ ಕಲ್ಲು, ಅದರ ಮೇಲೆ ಅಡ್ಡ ದಬ್ಬೆ, ಅದರ ಮೇಲೆ ಸೌದೆಯ ಸಾಲು. ಗೋಡೆಗೆ ಒತ್ತಿಸದೆ ಒಂದು ಗೇಣು ಜಾಗ ಬಿಡಬೇಕು. ಮಾಡಿಗೆ ಹೆಂಚೋ ತಗಡೋ ಇರಲಿ. ಪಕ್ಕಗಳಲ್ಲಿ ಎರಚಲು ತಡೆದರೆ ಸಾಕು, ಗಾಳಿ ಆಡುತ್ತಿರಬೇಕು. ಸುತ್ತಲೂ ಪ್ಲಾಸ್ಟಿಕ್ ಹಾಳೆ ಬಿಗಿದು ಮುಚ್ಚಿದರೆ ಒಳಗಿನ ತೇವ ಒಳಗೇ ಉಳಿದು ಬೂಸು ಹಿಡಿಯುತ್ತದೆ.

ಹಳೆಯದು ಮುಂದೆ, ಹೊಸದು ಹಿಂದೆ. ಮೊದಲು ಬಂದದ್ದು ಮೊದಲು ಒಲೆಗೆ. ನಾಳೆಗೆ ಬೇಕಾದ ಸೌದೆ ಇಂದೇ ಒಲೆಯ ಮೇಲಿನ ಅಟ್ಟಕ್ಕೆ. ರಾಶಿಯ ಸಂದಿನಲ್ಲಿ ಚೇಳು, ಹಾವು ಸೇರಿಕೊಳ್ಳುವುದುಂಟು. ಕತ್ತಲಲ್ಲಿ ಕೈ ಹಾಕದೆ, ದೀಪ ಹಿಡಿದು, ಕೋಲಿನಿಂದ ತಟ್ಟಿ ತೆಗೆಯುವುದು ಹಿರಿಯರ ರೂಢಿ.

ತಕ್ಕಡಿ ಹೇಳುವ ಕತೆ

ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಒಂದೇ ಹಸಿ ಕೊಂಬೆಯಿಂದ ಒಂದೇ ಅಳತೆಯ ಎರಡು ತುಂಡುಗಳನ್ನು ಅಪ್ಪನಿಂದ ಕಡಿಸಿಕೊಳ್ಳಿ. ಒಂದನ್ನು ಸೀಳಿಸಿ, ಇನ್ನೊಂದನ್ನು ತೊಗಟೆಯ ಸಮೇತ ಹಾಗೆಯೇ ಬಿಡಿ. ಪ್ರತಿ ಭಾನುವಾರ ಎರಡನ್ನೂ ತೂಗಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸೀಳಿದ ತುಂಡಿನ ತೂಕ ಬೇಗ ಇಳಿದು, ಒಂದು ಹಂತದಲ್ಲಿ ನಿಲ್ಲುತ್ತದೆ. ನಿಂತಿತೆಂದರೆ ಗಾಳಿಯ ತೇವಕ್ಕೆ ಸಮವಾಗಿ ಅದು ಒಣಗಿದೆ ಎಂದರ್ಥ. ಗ್ರಾಫ್ ಹಾಳೆಯ ಮೇಲೆ ಎರಡು ಗೆರೆ ಎಳೆದು ನೋಡಿ, ಕೊಡಲಿಯ ಮಹಿಮೆ ಕಾಣುತ್ತದೆ.

ತಕ್ಕಡಿ ಇಲ್ಲದ ಅಜ್ಜಿಗೂ ಇದು ಗೊತ್ತು. ಅವಳು ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ಕಿವಿಗೊಡುತ್ತಾಳೆ. 'ಟಣ್' ಎಂದರೆ ಒಣಗಿದೆ, 'ದಬ್' ಎಂದರೆ ಹಸಿ. ಒಣಗಿದ ತುಂಡಿನ ತುದಿಯಲ್ಲಿ ನಡುವಿನಿಂದ ಅಂಚಿಗೆ ನಕ್ಷತ್ರದಂತೆ ಬಿರುಕು ಮೂಡಿರುತ್ತದೆ. ಮರ ಒಣಗುವಾಗ ಬೆಳವಣಿಗೆಯ ಉಂಗುರಗಳ ಗುಂಟ ಹೆಚ್ಚು ಕುಗ್ಗುವುದರಿಂದ ಹಾಗೆ.

ಒಲೆಯೂ ಕಾಡೂ

ಒಣ ಸೌದೆಗೆ ಒಳ್ಳೆಯ ಒಲೆಯೂ ಜೊತೆಯಾಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ಹಳ್ಳಿಮನೆಗಳಿಗಾಗಿ 'ಅಸ್ತ್ರ ಒಲೆ'ಯನ್ನು ರೂಪಿಸಿತು. ಅದರಲ್ಲಿ ಗಾಳಿ ಕೆಳಗಿನಿಂದ ಬರಲು ಜಾಲರಿ, ಹೊಗೆ ಹೊರಹೋಗಲು ಕೊಳವೆ ಇವೆ. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಹಲವು ಬಡ ಮನೆಗಳಿಗೂ ಅಡುಗೆ ಅನಿಲ ಬಂದಿದೆ. ಅಡುಗೆಗೆ ಗ್ಯಾಸ್ ಸಿಗುವಲ್ಲಿ ಅದೇ ಮೇಲು, ಸಂದೇಹವಿಲ್ಲ. ಆದರೂ ಬಚ್ಚಲ ಹಂಡೆಗೆ, ಅಡಿಕೆ ಬೇಯಿಸುವ ಒಲೆಗೆ, ಮದುವೆಮನೆಯ ಕೊಪ್ಪರಿಗೆಗೆ ಸೌದೆಯೇ ಬೇಕು.

ಹಾಗೆಂದು ಕಾಡು ಮುಗಿಯದ ಉಗ್ರಾಣವೇನಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಡಿತ ತಡೆದದ್ದು 'ಅಪ್ಪಿಕೋ' ಚಳವಳಿಯಾಗಿ ಹೆಸರಾಯಿತು. ಮಿತವಾಗಿ ತರುವುದು, ಎಳೆಯ ಮರ ಮುಟ್ಟದಿರುವುದು, ಅನುಮತಿ ಬೇಕಾದಲ್ಲಿ ಪಡೆಯುವುದು ಎಲ್ಲರ ಹೊಣೆ. ಪೊಟರೆ ಇರುವ ಹಳೆಯ ಮರವನ್ನಂತೂ ಬಿಟ್ಟುಬಿಡಬೇಕು. ಮಂಗಟ್ಟೆ ಹಕ್ಕಿ ಮೊಟ್ಟೆಯಿಡುವುದು ಅಂಥ ಪೊಟರೆಯಲ್ಲೇ. ಚೆನ್ನಾಗಿ ಒಣಗಿದ ಸೌದೆ ಕಡಿಮೆ ಖರ್ಚಾಗುತ್ತದೆ. ಎಂದರೆ ಕೊಟ್ಟಿಗೆಯ ಶಿಸ್ತಿನಿಂದ ಕಾಡಿನ ಮರವೂ ಉಳಿಯುತ್ತದೆ.

ಮೇ ತಿಂಗಳ ಕೊನೆಗೆ ಮೊದಲ ಗುಡುಗು ಕೇಳುವ ಹೊತ್ತಿಗೆ ತುಂಬಿದ ಸೌದೆ ಕೊಟ್ಟಿಗೆಯನ್ನು ನೋಡಿ ಅಜ್ಜ ನಿಟ್ಟುಸಿರಿಟ್ಟು ಎಲೆಯಡಿಕೆ ಹಾಕಿಕೊಳ್ಳುತ್ತಾನೆ. ಅವನು ಫೆಬ್ರವರಿಯಲ್ಲಿ ಬೆವರು ಸುರಿಸಿ ಸೀಳಿದ್ದು ಜುಲೈಯಲ್ಲಿ ಮೊಮ್ಮಗನ ಸ್ನಾನಕ್ಕೆ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆಯುವ ಮಕ್ಕಳು ಒಮ್ಮೆ ಆ ಕೊಟ್ಟಿಗೆಯ ಮುಂದೆ ನಿಂತು ಬಂದರೆ ಒಳ್ಳೆಯದು.